ಡಬ್ಬಿಯ ಪಾಟಾ, ಅತ್ತಿಯ ಸೊಂಟ

ಅವತ್ತು ಕುರನೂರಿನಿಂದ ಅಕ್ಕಲಕೋಟಕ್ಕೆ ಬರುವ ರಸ್ತೆಯ ಬದಿಯಲ್ಲಿ, ಒಂದು ಬೇವಿನ ಮರದ ನೆರಳಿನಲ್ಲಿ, ನಮ್ಮ ಡಬ್ಬಿಯ ಕೆಳಗೆ ಇಣುಕಿ ನೋಡುತ್ತಿದ್ದವರು ಇಷ್ಟು ಜನ: ಅಂಗಾತ ಮಲಗಿ ಎರಡು ಗಾಲಿಗಳ ನಡುವೆ ತಲೆ ತೂರಿಸಿದ್ದ ಇಮಾಮ ಮಿಸ್ತ್ರಿ, ಮೊಣಕಾಲೂರಿ ಮೊಬೈಲಿನ ಬೆಳಕು ಬಿಡುತ್ತಿದ್ದ ನನ್ನ ನೆರೆಮನೆಯ ದೇಶಪಾಂಡೆ ಸರ್, ತನ್ನ ಹಿಂಡನ್ನು ರಸ್ತೆಯ ನಡುವೆಯೇ ಬಿಟ್ಟು ಬಂದು, ಕೋಲಿನ ಮೇಲೆ ಗದ್ದವೂರಿ ನಿಂತಿದ್ದ ಒಬ್ಬ ಕುರಿಗಾರ, ಮತ್ತು ಎಲ್ಲರಿಗಿಂತ ಹಿಂದೆ, ಏನನ್ನು ನೋಡಬೇಕೆಂದು ತಿಳಿಯದೆ ಎಲ್ಲವನ್ನೂ ನೋಡುತ್ತಿದ್ದ ನಾನು. ನೋಡದೆ ಇದ್ದವಳು ಒಬ್ಬಳೇ. ಡಬ್ಬಿಯ ಒಳಗೆ ಮಲಗಿದ್ದ ನನ್ನ ಸೋದರತ್ತೆ ಮಾಳವ್ವ. ಅವಳು ಕಿಟಕಿಯ ಪರದೆ ಸರಿಸಿ, ಚುರಮುರಿ ಮುಕ್ಕುತ್ತ, "ಏನೋ ಶಿವ್ಯಾ, ಕೆಳಗ ಯಾರರೆ ಸತ್ತಾರೇನು?" ಎಂದು ಕೇಳಿದಳು.

ನಮ್ಮ ಕಡೆಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ರಸ್ತೆಯ ಬದಿಯಲ್ಲಿ ಮನುಷ್ಯ ಬಿದ್ದಿದ್ದರೆ ಜನ ಒಮ್ಮೆ ನೋಡಿ ಮುಂದೆ ಹೋದಾರು. ಗಾಡಿ ನಿಂತಿದ್ದರೆ ಮಾತ್ರ ಯಾರೂ ಹಾಗೆ ಹೋಗುವುದಿಲ್ಲ. ಬಂದವನು ಮೊದಲು ಬಗ್ಗಿ ಕೆಳಗೆ ನೋಡುತ್ತಾನೆ. ನೋಡಿ "ಹ್ಞಾಂ" ಎನ್ನುತ್ತಾನೆ. ಗಾಡಿಯ ಜಾತಕವೆಲ್ಲ ಬಿಚ್ಚಿ ಓದಿದವನ ಧಾಟಿ ಆ "ಹ್ಞಾಂ"ನಲ್ಲಿ ಇರುತ್ತದೆ. ಆಮೇಲೆ ಟಾಯರನ್ನು ಒದೆಯುತ್ತಾನೆ. ಒದೆಸಿಕೊಂಡ ಟಾಯರು ಏನು ಹೇಳುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಒದ್ದಾಗಲೆಲ್ಲ ನನ್ನ ಹೆಬ್ಬೆರಳು ಮಾತ್ರ ಮಾತಾಡಿದೆ. ಅವತ್ತು ಆ ಕುರಿಗಾರನೂ ಬಗ್ಗಿದ, "ಹ್ಞಾಂ" ಎಂದ, ಒದ್ದ. ಒದ್ದು, "ಇದರ ಬೆನ್ನ ಹೋಗೇತ್ರಿ" ಎಂದ. ಒಳಗಿನಿಂದ ಅತ್ತಿ, "ಅದರದಲ್ಲೋ ತಮ್ಮಾ, ನಂದು" ಎಂದಳು.

ಡಬ್ಬಿ ಎಂದರೆ ಗಾಲಿಗಳ ಮೇಲೆ ಕೂರಿಸಿದ ಒಂದು ಕೋಣೆ. ಎರಡು ಗಾಲಿ, ಒಂದು ಬಾಗಿಲು, ಎರಡು ಕಿಟಕಿ, ಒಳಗೆ ಉದ್ದಕ್ಕೂ ಒಂದು ಮಂಚ, ಮೂಲೆಯಲ್ಲಿ ಗ್ಯಾಸಿನ ಒಲೆ. ತಾನಾಗಿ ಓಡುವುದಿಲ್ಲ, ಜೀಪಿನ ಹಿಂದೆ ಕೊಕ್ಕೆ ಹಾಕಿ ಎಳೆಯಬೇಕು. ಟ್ರಾವೆಲ್ ಟ್ರೇಲರ್ ಎಂದು ಅದರ ದೊಡ್ಡ ಹೆಸರು. ಪುಣೆಯ ಒಬ್ಬ ಉತ್ಸಾಹಿ ಗೃಹಸ್ಥ ಹೆಂಡತಿಯ ಜೊತೆ ದೇಶ ಸುತ್ತಬೇಕೆಂದು ಮಾಡಿಸಿದ್ದ. ಒಂದು ಸುತ್ತು ಮುಗಿದ ಮೇಲೆ ಆಕೆ "ಇದು ಇರಬೇಕು, ಇಲ್ಲಾ ನಾನಿರಬೇಕು" ಎಂದಳಂತೆ. ಅವನು ಸಾಕಷ್ಟು ಯೋಚನೆ ಮಾಡಿದ ಮೇಲೆಯೇ ಡಬ್ಬಿಯನ್ನು ಮಾರಿದನೆಂದು ಕೇಳಿದ್ದೇನೆ. ಅದು ಸೊಲ್ಲಾಪುರಕ್ಕೆ ಬಂದು ವಿಜಾಪುರ ರಸ್ತೆಯ ನಮ್ಮ ಮನೆಯ ಮುಂದೆ ನಿಂತ ದಿನ ಓಣಿಯ ಹುಡುಗರು ಐಸ್‌ಕ್ರೀಮ್ ಕೇಳಿದರು. ಅಕ್ಕಲಕೋಟದಲ್ಲಿ ನಿಲ್ಲಿಸಿದಾಗ ದರ್ಶನಕ್ಕೆ ಬಂದ ಪರಸ್ಥಳದವರು ಸಾಲು ಹಚ್ಚಿ ವಡಾಪಾವ್ ಬಿಸಿ ಇದೆಯೇ ಎಂದರು. ಕುರನೂರಿನಲ್ಲಿ ಒಬ್ಬ ಮುದುಕ ಸೀದಾ ಒಳಗೆ ಹತ್ತಿ ಕುಳಿತು, ಅಂಗಿ ಮೇಲೆತ್ತಿ, "ದಮ್ಮ ಭಾಳ ಆಗೇತ್ರಿ ಡಾಕ್ಟರ" ಎಂದ. ನನ್ನ ಹೆಂಡತಿ ಶಾಂತಾ ಮಾತ್ರ ಒಮ್ಮೆ ಸುತ್ತು ಹಾಕಿ ನೋಡಿ, "ಇಷ್ಟ ದೊಡ್ಡ ಡಬ್ಬಿ ತಂದೀರಿ, ಮುಚ್ಚಳ ಎಲ್ಲಿ?" ಎಂದಳು. ಹೆಸರು ಅಲ್ಲಿಗೆ ನಿಂತಿತು.

ಇಂಥದ್ದನ್ನು ನಾನೇಕೆ ತಂದೆ ಎಂದರೆ, ಅತ್ತಿಯ ಸೊಂಟಕ್ಕಾಗಿ. ನಮ್ಮ ಅತ್ತಿಯನ್ನು ಕೊಟ್ಟದ್ದು ಕುರನೂರಿಗೆ. ಕುರಿ ಇರುವ ಮನೆ. ಹೋದ ವರ್ಷ ಅವಳು ಹಟ್ಟಿಯಲ್ಲಿ ಒಂದು ಟಗರಿನ ಕೊಂಬು ಹಿಡಿದು ಎಳೆದಳು, ಟಗರೂ ಎಳೆಯಿತು, ಟಗರು ಗೆದ್ದಿತು. ಅಂದಿನಿಂದ ಕಾಲು ಕೆಳಗೆ ಬಿಟ್ಟು ಕೂತರೆ ಸೊಂಟದಿಂದ ಹಿಮ್ಮಡಿಯ ತನಕ ಬೆಂಕಿ. ಪ್ರಯಾಣ ಮಾಡುವುದಾದರೆ ಮಲಗಿಯೇ ಮಾಡಬೇಕೆಂದು ಡಾಕ್ಟರು ಹೇಳಿದರು. ಅಂಬುಲೆನ್ಸ್ ತರುತ್ತೇನೆಂದೆ. "ಉಸರ ಇದ್ದವರು ಅದರಾಗ ಹತ್ತಂಗಿಲ್ಲ. ನನ್ನ ಸೊಸಿಗೋಳು ಅತ್ತಗಿತ್ತಾರು" ಎಂದಳು.

ಇರಲಿ, ಅವಳು ಕುರನೂರಿನಲ್ಲೇ ಸುಖವಾಗಿ ಮಲಗಿರಲಿ ಎಂದುಕೊಳ್ಳುವಂತೆಯೂ ಇರಲಿಲ್ಲ. ನನ್ನ ಮೊಮ್ಮಗ ಬೀರೂನ ಜಾವಳ ಬಾಕಿ ಇತ್ತು. ಮಗುವಿನ ಹುಟ್ಟುಗೂದಲನ್ನು ಹುಲಜಂತಿಯ ಮಾಳಿಂಗರಾಯನ ಗುಡಿಯಲ್ಲಿ ತೆಗೆಸಬೇಕು, ಆ ಕೂದಲು ಮನೆಯಲ್ಲಿ ಹುಟ್ಟಿದ ಹಿರಿಯ ಹೆಣ್ಣುಮಗಳ ಉಡಿಯಲ್ಲಿ ಬೀಳಬೇಕು: ಇದು ನಮ್ಮ ಮನೆತನದ ಪದ್ಧತಿ. ಆ ಹಿರಿಯ ಹೆಣ್ಣುಮಗಳು ಈ ಅತ್ತಿ. ಅದೂ ಬೆಸ ವರ್ಷದಲ್ಲೇ ಆಗಬೇಕು. ಮೊದಲ ವರ್ಷ ಅತ್ತಿಯ ಮನೆಯಲ್ಲಿ ಸೂತಕ ಬಂತು, ತಪ್ಪಿತು. ಈಗ ಮೂರನೆಯದು ಮುಗಿಯುತ್ತ ಬಂದಿತ್ತು. ಇದೂ ತಪ್ಪಿದರೆ ಐದಕ್ಕೆ. ಅಲ್ಲಿಯ ತನಕ ಬೀರೂ ತನ್ನ ತಲೆಯ ಮೇಲಿನ ಆ ಪೊದೆಯನ್ನು ಹೊತ್ತು ತಿರುಗಬೇಕು. ಕೂದಲು ಬಿಟ್ಟರೆ ಕಣ್ಣಿಗೆ ಬರುತ್ತದೆಂದು ನನ್ನ ಸೊಸೆ, ಅವನ ತಾಯಿ, ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟುತ್ತಿದ್ದಳು. ಬಾಲವಾಡಿಯಲ್ಲಿ ಅವನನ್ನು ಹುಡುಗಿಯರ ಸಾಲಿನಲ್ಲಿ ಕೂರಿಸಿದ್ದರು. ಅವನದೇನೂ ತಕರಾರಿರಲಿಲ್ಲ, ಆ ಸಾಲಿಗೆ ತಿನ್ನುವ ಖಾರಾ ಮೊದಲು ಬರುತ್ತಿತ್ತು. ತಕರಾರು ಇದ್ದದ್ದು ಸೊಸೆಗೆ. "ಮಾಮಾ, ದೀಪಾವಳಿ ಒಳಗ ಕುರನೂರ ಅತ್ತಿ ಬರಲಿಲ್ಲ ಅಂದ್ರ ನಾನ ಕತ್ರಿ ಹಿಡೀತೀನಿ, ಮಾಳಿಂಗರಾಯ ಏನ ಮಾಡ್ತಾನೋ ಮಾಡ್ಲಿ" ಎಂದುಬಿಟ್ಟಿದ್ದಳು. ಮಾಳಿಂಗರಾಯ ಏನು ಮಾಡುತ್ತಿದ್ದನೋ ಗೊತ್ತಿಲ್ಲ. ಅತ್ತಿ ಏನು ಮಾಡುತ್ತಾಳೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಗಾದಿ ವ್ಯಾಪಾರಿ. ಅಜ್ಜ ಕುರಿ ಕಾಯ್ದು ಕಂಬಳಿ ನೇಯ್ದ, ಅಪ್ಪ ಸೊಲ್ಲಾಪುರಕ್ಕೆ ಬಂದು ಕಂಬಳಿ ಮಾರಿದ, ನಾನು ಗಾದಿ ಮಾರುತ್ತೇನೆ. ಊರಿನವರನ್ನು ಮಲಗಿಸುವುದೇ ನಮ್ಮ ಕುಲಕಸುಬು ಎನ್ನಬಹುದು. ಸಾಲಿ ಕಲಿತದ್ದು ಮರಾಠಿಯಲ್ಲಿ. ಕನ್ನಡ ಬಂದದ್ದು ಅಜ್ಜಿಯ ಬೈಗುಳದಿಂದ ಮತ್ತು ಈ ಅತ್ತಿಯ ಹರಟೆಯಿಂದ. ಹೀಗಾಗಿ ನನಗೆ ಕನ್ನಡದಲ್ಲಿ ಜಗಳ ಸೊಗಸಾಗಿ ಬರುತ್ತದೆ, ಮಗ್ಗಿ ಬರುವುದಿಲ್ಲ. ಅಂಥ ಅತ್ತಿಯನ್ನು, ಅಂಥ ಕೆಲಸಕ್ಕೆ, ಹಾಸಿಗೆಯ ಮೇಲೆ ಮಲಗಿಸಿ ಕರೆತರಲಾರದ ಗಾದಿ ವ್ಯಾಪಾರಿ ಎಂಥವನು ಎಂಬ ಆವೇಶದಲ್ಲಿ ನಾನು ಡಬ್ಬಿ ತಂದೆ. ಕುರನೂರಿಗೆ ಒಯ್ದೆ. ಅತ್ತಿಯನ್ನು ಮಲಗಿಸಿದೆ. ಊರ ಅಗಸಿಬಾಗಿಲು ದಾಟುವುದರೊಳಗೆ ಒಳಗಿನಿಂದ ತಗಡು ಬಡಿದ ಸದ್ದು, ಅದರ ಹಿಂದೆ ನನ್ನ ತಂದೆ, ತಾತ, ಮುತ್ತಾತಂದಿರ ಹೆಸರುಗಳು ಕೇಳಿಬಂದವು. ಗಾಡಿ ನಿಲ್ಲಿಸಿ ಬಾಗಿಲು ತೆಗೆದರೆ ಅತ್ತಿ ಮಂಚದಲ್ಲಿ ಇರಲಿಲ್ಲ, ಒಲೆಯ ಹತ್ತಿರ ಇದ್ದಳು.

"ಮೊದಲ ಇದರ ಸೊಂಟ ತೋರಿಸು. ಆಮ್ಯಾಲ ನಂದು" ಎಂದಳು.

ತೋರಿಸಿದ್ದು ಅಕ್ಕಲಕೋಟದ ಇಮಾಮ ಮಿಸ್ತ್ರಿಗೆ. ಗಾಡಿಗಳ ಕೆಳಗೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಕುಳಿ ಬಂದಾಗ ಬಾಗಿ ಪೆಟ್ಟು ನುಂಗುವಂಥವು, ಅವಕ್ಕೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಇಮಾಮ ಮಿಸ್ತ್ರಿ ಪಾಟಾದವನು. ತಾಲೂಕಿನ ಕಬ್ಬಿನ ಟ್ರಾಲಿಗಳೆಲ್ಲ ಅವನ ಅಂಗಳಕ್ಕೇ ಬರುತ್ತವೆ. ಕಬ್ಬಿನ ಟ್ರಾಲಿಗೆ ಬರುವ ರೋಗ ಒಂದೇ, ಹೊರೆ ತಾಳದೆ ಕುಸಿಯುವುದು. ಔಷಧವೂ ಒಂದೇ, ಇನ್ನೊಂದು ಪಾಟಾ. ಮಿಸ್ತ್ರಿ ನಮ್ಮ ಡಬ್ಬಿಯ ಕೆಳಗೆ ಹೋಗಿ ಬಂದು, ಕೈ ಒರೆಸಿಕೊಳ್ಳುತ್ತ, "ಸಾವಕಾರ, ಇದು ಪಾಟಾ ಅಲ್ಲ, ಹೆಣ್ಮಕ್ಕಳ ಕೈಬಳಿ. ಒಂದ ಪಾಟಾ ಏರಿಸ್ತೀನಿ. ಹತ್ತ ಟನ್ ಹೇರ್ರಿ, ಅಳಗ್ಯಾಡಿದ್ರ ಕೇಳ್ರಿ" ಎಂದ.

"ಹೇರೋದು ನಮ್ಮ ಅತ್ತಿ ಒಬ್ಬಾಕಿನ್ನ" ಎಂದೆ.

"ಎಷ್ಟ ಟನ್ ಅದಾರ?" ಎಂದ.

ಪಾಟಾ ಏರಿತು. ಮುಂದಿನ ರವಿವಾರ ಮತ್ತೆ ಕುರನೂರಿಗೆ ಹೋದೆ. ಈ ಸಲ ಅಗಸಿಯ ತನಕವೂ ಬರಲಾಗಲಿಲ್ಲ. ಡಬ್ಬಿ ಪ್ರತಿ ಕುಳಿಗೂ ಹೋತಮರಿಯಂತೆ ಜಿಗಿಯತೊಡಗಿತ್ತು. ಮಿಸ್ತ್ರಿಗೆ ಹೇಳಿದರೆ ಅವನು ಮರುಗಿದ. "ನಾ ಮೊದಲ ಅಂದಿದ್ದೆ, ಒಂದಕ್ಕ ಆಗೂದಿಲ್ಲಂತ" ಎಂದು ಇನ್ನೊಂದು ಏರಿಸಿದ. ನಾನೂ ಸುಮ್ಮನೆ ಕೂರುವವನಲ್ಲ. ಕೆಳಗಿನಿಂದ ಬರುವ ಯಾವ ಪೆಟ್ಟಿಗೂ ಮೇಲೊಂದು ಗಾದಿ ಹಾಕಿದರೆ ತೀರಿತು ಎಂಬುದು ನನ್ನ ಶಾಸ್ತ್ರ. ಅದನ್ನು ನಂಬಿಯೇ ಸಂಸಾರ ಮಾಡಿದ್ದೇನೆ. ಅಂಗಡಿಯಿಂದ ಒಂದು ಅರಳೆಯ ಗಾದಿ ಒಯ್ದು ಹಾಸಿದೆ. ಅವನು ಕೆಳಗೆ ಪಾಟಾ ಏರಿಸಿದಂತೆ ನಾನು ಮೇಲೆ ಗಾದಿ ಏರಿಸಿದೆ. ಅರಳೆಯದರ ಮೇಲೆ ನಾರಿನದು, ನಾರಿನದರ ಮೇಲೆ ಫೋಮಿನದು, ಅದರ ಮೇಲೆ ನುಣುಪು ಬಟ್ಟೆಯ, ಮದುವೆಗೆ ಕೊಡುವ ಜಾತಿಯದು. ಎಲ್ಲದರ ಮೇಲೆ ಅತ್ತಿ. ಕೊನೆಗೆ ಅವಳ ಮೂಗಿಗೂ ಡಬ್ಬಿಯ ಮಾಳಿಗೆಗೂ ಒಂದು ಗೇಣು ಉಳಿಯಿತು. "ನನ್ನನ್ನ ಮಾಳಿಗಿಗೆ ಮೆತ್ತಾಕ ಹತ್ತೀಯೇನ?" ಎಂದಳು.

ರೋಗ ಎಲ್ಲಿದೆ ಎಂದು ಹಿಡಿಯಲು ನಾನು ಒಂದು ಉಪಾಯ ಮಾಡಿದೆ. ಅತ್ತಿಯ ಕೈಯಲ್ಲಿ ಮೊಬೈಲು ಕೊಟ್ಟು, ಎಲ್ಲಿ ಪೆಟ್ಟು ಬೀಳುತ್ತದೋ ಆ ಗಳಿಗೆಯೇ ಹೇಳು ಎಂದೆ. ಜೀಪು ಓಡಿಸುತ್ತ ನಾನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡೆ.

"ಹಲೋ. ಬಡೀತು."

"ಎಲ್ಲಿ ಅತ್ತಿ?"

"ಬೆನ್ನಾಗ."

"ನಿನ್ನ ಬೆನ್ನಾಗ ಅಲ್ಲ, ಗಾಡ್ಯಾಗ ಎಲ್ಲಿ? ಎಡಕೋ ಬಲಕೋ?"

"ಗಾಡಿ ಬೆನ್ನ ನನಗೇನ ಗೊತ್ತಪಾ, ನನ್ನ ಬೆನ್ನ ನನಗ ಗೊತ್ತು. ಈಗ ಹಲ್ಲಿಗಿ ಬಡೀತು. ಈಗ ಮೊಣಕೈ. ಈಗ… ಏ, ಇಲ್ಲೆ ಒಂದ ಛಲೋ ಹುಣಚಿಗಿಡ ಐತಿ ನೋಡು, ನಿಂದರಸು."

ಹೀಗೆ ಎರಡು ರವಿವಾರ ಕಳೆದರೂ ರೋಗ ಸಿಕ್ಕಲಿಲ್ಲ, ಹುಣಸೆಹಣ್ಣು ಸಿಕ್ಕಿತು. ಅಷ್ಟರಲ್ಲಿ ಡಬ್ಬಿಗೆ ಇನ್ನೊಂದು ಚಟ ಹತ್ತಿತು. ಜಿಗಿಯುವುದಲ್ಲದೆ ಆಗಾಗ ಬಾಲ ಬೀಸಲು ಶುರುಮಾಡಿತು. ಹೋಗುತ್ತ ಹೋಗುತ್ತ ಹಿಂಭಾಗ ಒಮ್ಮೆ ಹೊಲದ ಕಡೆ, ಒಮ್ಮೆ ರಸ್ತೆಯ ಕಡೆ. ಕನ್ನಡಿಯಲ್ಲಿ ನೋಡಿದರೆ ನಾನು ಅದನ್ನು ಎಳೆಯುತ್ತಿದ್ದೇನೋ, ಅದು ನನ್ನನ್ನು ಬೆನ್ನಟ್ಟಿದೆಯೋ ತಿಳಿಯುತ್ತಿರಲಿಲ್ಲ. ದೀಪಾವಳಿ ಕಣ್ಣೆದುರಿಗೆ ಬಂದಿತ್ತು. ಸೊಸೆ ಅಡುಗೆಮನೆಯಲ್ಲಿ ಕತ್ತರಿಯನ್ನು ಬೇಕೆಂದೇ ಸದ್ದು ಮಾಡುತ್ತ ಆಡಿಸುತ್ತಿದ್ದಳು. ಆ ರವಿವಾರ ನಾನು ಮಿಸ್ತ್ರಿಯನ್ನೂ, ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸಿ ನಿವೃತ್ತರಾದ ದೇಶಪಾಂಡೆ ಸರ್ ಅವರನ್ನೂ ಒಟ್ಟಿಗೇ ಜೀಪಿನಲ್ಲಿ ಹಾಕಿಕೊಂಡು ಹೊರಟೆ. ಒಬ್ಬರಿಗೆ ಕೈ ಇದೆ, ಇನ್ನೊಬ್ಬರಿಗೆ ತಲೆ ಇದೆ, ನಡುವೆ ನನಗೊಂದು ದಾರಿ ಕಂಡೀತು ಎಂಬ ಆಸೆ. ಹಾಗೆ ಬಂದು ನಿಂತದ್ದೇ ಮೊದಲು ಹೇಳಿದ ಆ ಬೇವಿನ ಮರದ ಕೆಳಗೆ.

ಸರ್ ಅವರದು ಒಂದೇ ಮಾತು. "ಅಹೋ ಶಿವಪ್ಪಾ, ತಿರುವಿನಲ್ಲಿ ಮಾತ್ರ ಬೀಸುತ್ತದೆ ನೋಡಿ. ರಸ್ತಾ ವಳಲಾ, ಕೀ ಶೇಪೂಟ ಹಲ್ತೇ. ರಸ್ತೆ ತಿರುಗಿತೋ, ಬಾಲ ಅಲ್ಲಾಡಿತು. ಇದರಲ್ಲಿ ಗುರುತ್ವಕೇಂದ್ರದ ಪ್ರಶ್ನೆ ಇದೆ." ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು, ಬಾಣ ಬರೆದು, ತಿರುವಿನಲ್ಲಿ ಒಳಗಿನ ಭಾರ ಹೊರಕ್ಕೆ ಜಾರುವ ಬಗೆಯನ್ನು ವಿವರಿಸಿದರು. ಕುರಿಯೊಂದು ಬಂದು ಬಾಣದ ಮೇಲೆ ನಿಂತಿತು. ಮಿಸ್ತ್ರಿ ಕೆಳಗಿನಿಂದಲೇ, "ಗೆರಿ ಎಳದ್ರ ಗಾಡಿ ನಿಲ್ಲೂದಿಲ್ರಿ ಗುರುಜಿ. ಎಡಕ ಒಂದ ಪಾಟಾ ಕಮ್ಮಿ ಬಿದ್ದೈತಿ" ಎಂದ.

"ತಿರುವಿನಾಗ ಅಲ್ಲೇನು?" ಎಂದು ಕಿಟಕಿಯಿಂದ ಅತ್ತಿ ಕೇಳಿದಳು. "ತಿರುವಿನಾಗ ನಾನ ಹೊಳ್ಳತೀನಲ್ಲೋ."

ಎಲ್ಲರೂ ಮೇಲೆ ನೋಡಿದೆವು.

"ಹೊಳ್ಳತೀ ಅಂದ್ರ?"

"ಹೊಳ್ಳತೀನಿ ಅಂದ್ರ ಹೊಳ್ಳತೀನಿ. ರಸ್ತಾ ಹೊಳ್ಳಿ ತಲಿ ಉತ್ತರಕ್ಕ ಬಂತಂದ್ರ ದಿಂಬ ತಗೊಂಡು ಈ ಕಡಿ ಬರತೀನಿ. ಮತ್ತ ಹೊಳ್ಳಿತಂದ್ರ ಆ ಕಡಿ ಹೋಗತೀನಿ. ಉತ್ತರಕ್ಕ ತಲಿ ಮಾಡಿ ಮಲಗಲೇನು? ನನಗೇನ ಸಾಯೋ ಅವಸರ ಬಂದೈತಿ?"

ನಾನು ಬಾಗಿಲು ತೆಗೆದು ನೋಡಿದೆ. ಅತ್ತಿ ಹಗುರ ಹೆಂಗಸಲ್ಲ. ಅವಳು ಈ ತುದಿಯಿಂದ ಆ ತುದಿಗೆ ಹೊರಳಿದಾಗಲೆಲ್ಲ ಕೆಳಗಿನ ಗಾದಿಗಳು, ನುಣುಪು ಬಟ್ಟೆಯ ನನ್ನ ಆ ಭಾರಿ ಗಾದಿಯ ಕೃಪೆಯಿಂದ, ಹಲಗೆಯ ಮೇಲಿನ ಸಾಬೂನಿನಂತೆ ಒಟ್ಟಾಗಿ ಜಾರುತ್ತಿದ್ದವು. ಡಬ್ಬಿ ಬಾಲ ಬೀಸುತ್ತಿರಲಿಲ್ಲ. ಅತ್ತಿಯೇ ಅದನ್ನು ಬೀಸುತ್ತಿದ್ದಳು, ನಾನು ಎಣ್ಣೆ ಹಚ್ಚಿಕೊಟ್ಟಿದ್ದೆ. ನೆರಳು ನೋಡಿ ದಿಕ್ಕು ಹಿಡಿಯುತ್ತಿದ್ದಳಂತೆ. ಅದಕ್ಕೇ ಪರದೆ ಸರಿಸಿ ಮಲಗುತ್ತಿದ್ದಳು. ಗಾಳಿಗೆಂದು ನಾನು ತಿಳಿದಿದ್ದೆ.

ಸರ್ ತಮ್ಮ ಗೆರೆಗಳನ್ನು ಚಪ್ಪಲಿಯಿಂದ ಅಳಿಸಿದರು, ಆದರೆ ಸೋಲಲಿಲ್ಲ. "ಸಿದ್ಧಾಂತ ಬರೋಬರ್ ಇತ್ತು. ಜಾರುವ ಭಾರ ಮಾತಾಡುತ್ತದೆ ಎಂದು ನನಗೆ ತಿಳಿದಿರಲಿಲ್ಲ, ಅಷ್ಟೇ" ಎಂದರು. ಮೇಲಿನ ಗಾದಿಗಳನ್ನೆಲ್ಲ ಇಳಿಸಿ ಜೀಪಿಗೆ ಹಾಕಿದೆವು. ಅಕ್ಕಲಕೋಟದಿಂದ ಸೊಲ್ಲಾಪುರದ ರಸ್ತೆ ವಾಯವ್ಯದ ಕಡೆಗೇ ಹೋಗುವುದರಿಂದ, ತಲೆಯನ್ನು ಹಿಂದಕ್ಕೆ ಮಾಡಿ ಒಮ್ಮೆ ಮಲಗಿದರೆ ಮತ್ತೆ ಹೊರಳಬೇಕಾಗಿಲ್ಲ, ಸಣ್ಣಪುಟ್ಟ ತಿರುವುಗಳನ್ನು ಯಮ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಾನು ಅತ್ತಿಯನ್ನು ಒಪ್ಪಿಸಿದೆ. "ನಿನಗ ಅಂವ ಹೇಳ್ಯಾನೇನು?" ಎಂದಳು, ಆದರೆ ಒಪ್ಪಿದಳು.

ಬಾಲದ ರೋಗ ಹೋಯಿತು, ಜಿಗಿತ ಉಳಿಯಿತು. ಅದರ ಕಾರಣ ಸರ್ ಅವರಿಗೆ ಆಗಲೇ ಹೊಳೆದಿತ್ತು. "ಮಿಸ್ತ್ರಿ, ನಿನ್ನ ಪಾಟಾ ಜಾಸ್ತಿಯಾಗಿವೆ. ಹತ್ತು ಟನ್ ಬಂದರೆ ಬಾಗುತ್ತವೆ, ಒಬ್ಬಳೇ ಮಾವಶಿ ಮಲಗಿದರೆ ಯಾಕೆ ಬಾಗುತ್ತವೆ? ತೆಗಿ ಎರಡು."

ಇಮಾಮ ಮಿಸ್ತ್ರಿ ಎದ್ದು ನಿಂತ. ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು. "ಗುರುಜಿ, ನಮ್ಮ ಅಬ್ಬಾ ಪಾಟಾ ಹಾಕ್ಯಾರ, ನಾ ಪಾಟಾ ಹಾಕೇನಿ. ಹಾಕಿದ ಪಾಟಾ ತೆಗದವರು ನಮ್ಮ ಖಾನ್ದಾನದಾಗ ಯಾರೂ ಇಲ್ಲ. ಇವತ್ತ ನಾ ತೆಗದೆ ಅಂದ್ರ ನಾಳೆ ಟ್ರಾಲಿಯವ್ರು, ಇಮಾಮ ತಪ್ಪ ಹಾಕಿದ್ದ ಅಂತ ಊರತುಂಬ ಹೇಳತಾರ." ಬೇರೆ ಮಿಸ್ತ್ರಿಯ ಹತ್ತಿರ ಹೋಗುವಂತೆಯೂ ಇರಲಿಲ್ಲ, ಒಬ್ಬ ಹಾಕಿದ ಪಾಟಾವನ್ನು ಇನ್ನೊಬ್ಬ ಮುಟ್ಟುವುದಿಲ್ಲ, ಈ ಒಂದು ವಿಷಯದಲ್ಲಿ ಜಿಲ್ಲೆಯ ಮಿಸ್ತ್ರಿಗಳದೆಲ್ಲ ಒಕ್ಕಟ್ಟು. "ಮತ್ತ ಏನ ಮಾಡೂದೋ ಇಮಾಮ?" ಎಂದೆ. "ಹೇರ್ರಿ!" ಎಂದ. "ಪಾಟಾ ಸುಳ್ಳ ಹೇಳೂದಿಲ್ಲ. ಹೇರಿದ್ರ ಬಾಗತೈತಿ. ಇಲ್ಲೆ ತೋರಸ್ತೀನಿ, ತಡೀರಿ" ಎಂದವನೇ ಕುರಿಗಾರನ ಕಡೆ ತಿರುಗಿ, "ಏ ಮಾಮಾ, ನಿನ್ನ ದೊಡ್ಡ ಟಗರಗೋಳು ಹತ್ತಸೋ" ಎಂದ.

ಹತ್ತಿಸಿದರು. ಟಗರುಗಳು, ಕುರಿಗಾರ, ಮಿಸ್ತ್ರಿ, ಕೊನೆಗೆ ವಿಜ್ಞಾನದ ಹಿತಕ್ಕಾಗಿ ದೇಶಪಾಂಡೆ ಸರ್ ಕೂಡ. ನಾನು ಜೀಪು ಹೊರಡಿಸಿದೆ. ಮುಂದಿನ ಹಳ್ಳದ ತನಕ ಹೋಗಿ ಬಂದೆ. ಏನು ಹೇಳಲಿ! ಡಬ್ಬಿ ತೊಟ್ಟಿಲಿನ ಹಾಗೆ ತೂಗುತ್ತ ಬಂತು. ಕಿವಿಯಲ್ಲಿ ಅತ್ತಿಯ ದನಿ ಬೆಣ್ಣೆಯಂತೆ ಕೇಳಿತು: "ಈಗ ನೋಡು, ಗಾಡಿ ಅಂದ್ರ ಗಾಡಿ. ಯಾವ ಪುಣ್ಯಾತ್ಮರ ಕುರಿನೋ, ಎಷ್ಟ ಶಾಣ್ಯಾ ಅದಾವ." ಹಿಂದಿನಿಂದ ಸರ್ ಅವರ ಮರಾಠಿ ಆರ್ತನಾದವೂ ಕೇಳುತ್ತಿತ್ತು. ಟಗರೊಂದು ಅವರ ಕನ್ನಡಕದ ದಾರ ತಿನ್ನುತ್ತಿತ್ತಂತೆ. ಆದರೆ ರೋಗ ಸಿಕ್ಕಿತ್ತು, ಔಷಧವೂ ಸಿಕ್ಕಿತ್ತು.

ಅತ್ತಿಯನ್ನು ಮತ್ತೆ ಕುರನೂರಿಗೆ ಬಿಟ್ಟು, ಮನೆಗೆ ಬಂದು ಹೆಂಡತಿಗೆ ಸಂತೋಷದಿಂದ ಹೇಳಿದೆ. ಅವಳು ಮೂಗು ಮುಚ್ಚಿಕೊಂಡೇ ಕೇಳಿದಳು. "ಕುರಿ ತುಂಬಕೊಂಡ ನನ್ನ ಅಂಗಳಕ್ಕ ಬಂದ್ರ ನಾನ ಕುರನೂರಿಗಿ ಹೋಗಿ ಅಲ್ಲೇ ಇರತೀನಿ" ಎಂದಳು. ಮರಳಿನ ಚೀಲ ಹಾಕೋಣವೆಂದೆ. ಫೋನಿನಲ್ಲಿದ್ದ ಅತ್ತಿ, "ಮರಳಿನ ಜೋಡಿ ಮಲಗಾಕ ನಾನೇನು ಸಿಮೆಂಟ ಗಿಲಾವ ಮಾಡೋ ಗ್ವಾಡಿನ?" ಎಂದಳು. ಆಗ ಶಾಂತಾಳೇ ದಾರಿ ತೋರಿಸಿದಳು. "ಜಾವಳಕ್ಕ ಕುರನೂರ ಮಂದಿಗಿ ಹ್ಯಾಂಗೂ ಹೇಳಬೇಕಲ್ಲ? ಅವರನ್ನ ಹೇರಕೊಂಡ ಬರ್ರಿ."

ಹೀಗೆ ನಮ್ಮ ಮನೆತನದ ಇತಿಹಾಸದಲ್ಲಿ ಮೊದಲ ಬಾರಿಗೆ ನೆಂಟಸ್ತಿಕೆ ನೋಡದೆ ತೂಕ ನೋಡಿ ಆಮಂತ್ರಣ ಕೊಡಲಾಯಿತು. ಶಾಂತಾ ಫೋನು ಹಿಡಿದು ಕುಳಿತಳು, ನಾನು ಪಕ್ಕದಲ್ಲಿ. "ಸಿದ್ದು ಕಾಕಾ ಬರಲಿ. ಕಾಕುನೂ ಬರಲಿ, ಕಾಕಾನಕಿಂತ ಮೊದಲ ಕಾಕು ಬರಲಿ. ಬಸಣ್ಣ ಬ್ಯಾಡ, ಒಣಗಿದ ತೊಗರಿಕಟಗಿ ಆಗ್ಯಾನ." "ಅಂವ ಹತ್ತಿರದ ಸಂಬಂಧಲೇ" ಎಂದೆ. "ಇದ್ರ ಏನಾತು, ಪಾಟಾ ಬಾಗಬೇಕಲ್ಲ?" ಎಂದಳು. ಎಂದೋ ಜಗಳಾಡಿ ಮಾತು ಬಿಟ್ಟಿದ್ದ ರುಕ್ಮವ್ವನನ್ನು ಅವಳ ಗಾತ್ರದ ಬಲದ ಮೇಲೆ ಕ್ಷಮಿಸಲಾಯಿತು. ಕುಸ್ತಿ ಆಡುವ ಮಲ್ಲುವಿನ ಸಂಬಂಧ ನಮಗೆ ಯಾವ ಕಡೆಯಿಂದ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ, ಆದರೂ ಅವನಿಗೆ ಎರಡೆರಡು ಸಲ ಫೋನು ಮಾಡಿ ತಪ್ಪಿಸಬಾರದೆಂದು ಕೇಳಿಕೊಂಡೆವು. ಅವನು ಗದ್ಗದಿತನಾಗಿ, "ಕಾಕಾ, ನಮ್ಮನ್ನ ಇಷ್ಟ ಮನಸಿಗಿ ಹಚ್ಚಕೊಂಡವರು ಯಾರೂ ಇಲ್ಲ" ಎಂದ.

ಅತ್ತಿ ಬಂದಳು. ಮಲ್ಲುವನ್ನು ಬಲಗಾಲಿಯ ಮೇಲೆ, ಕಾಕುವನ್ನು ಎಡಗಾಲಿಯ ಮೇಲೆ, ರುಕ್ಮವ್ವನನ್ನು ಸರಿಯಾಗಿ ನಡುವೆ ಇಮಾಮ ಮಿಸ್ತ್ರಿಯೇ ಬಂದು ಕೂರಿಸಿ ಹೋದ. ಕುರನೂರಿನಿಂದ ಸೊಲ್ಲಾಪುರದ ತನಕ ಒಂದು ಪೆಟ್ಟಿಲ್ಲ. ಮರುದಿನ ಹುಲಜಂತಿಗೆ ಹೋಗುವಾಗಲೂ ಅದೇ ಗತ್ತು. ಗುಡಿಯ ಅಂಗಳದಲ್ಲಿ ಅತ್ತಿ ಉಡಿ ಚಾಚಿ, ಚಕ್ಕಳಮಕ್ಕಳ ಹಾಕಿ ಕುಳಿತಳು. ಬೀರೂ ಕ್ಷೌರಿಕನ ಕೈಗೆ ಸಿಗದೆ ಅಂಗಳ ಸುತ್ತಿಸಿದ, ಮಲ್ಲು ಪಟ್ಟು ಹಾಕಿ ಹಿಡಿದ, ಎರಡು ಜಡೆಗಳು ತೂರಿದ ಭಂಡಾರದ ಅರಿಷಿಣದ ನಡುವೆ ಅತ್ತಿಯ ಉಡಿಗೆ ಬಿದ್ದವು. ಬೋಳು ತಲೆ ಸವರಿಕೊಂಡ ಬೀರೂ ಸೊಸೆಯನ್ನು, "ಮಮ್ಮಿ, ನಾ ಎಲ್ಲಿ ಹೋದೆ?" ಎಂದು ಕೇಳಿದ. ಅವಳು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಹೊತ್ತು ಅತ್ತಿ ಕುಳಿತೇ ಇದ್ದಳು. ನಾವೆಲ್ಲ ಮಾಳಿಂಗರಾಯನ ಮಹಿಮೆ ಎಂದು ಕೈ ಮುಗಿದೆವು.

ನಾನು ಲೆಕ್ಕ ಹಾಕದೆ ಇದ್ದದ್ದು ತಿರುಗಿ ಹೋಗುವುದನ್ನು. ಅತ್ತಿ ಸೊಲ್ಲಾಪುರದಲ್ಲಿ ಕೆಲವು ದಿನ ಇರುತ್ತೇನೆಂದಳು. ಇರಲಿ, ಸಂತೋಷ. ಆದರೆ ಅತ್ತಿ ಹೋಗುವಾಗ ಹೊರೆ ಬೇಕಲ್ಲ? ಹೊರೆ ಎದ್ದು ಬಸ್ಸಿಗೆ ಹೋಗಿಬಿಟ್ಟರೆ ಅತ್ತಿಯನ್ನು ಕಳಿಸುವುದು ಹೇಗೆ? ಸಿದ್ದು ಕಾಕಾ ನನ್ನ ಕೈ ಹಿಡಿದು, "ನೀ ಏನ ಕಾಳಜಿ ಮಾಡಬ್ಯಾಡ ಶಿವಪ್ಪಾ. ಮಾಳವ್ವ ಹೋಗೋತನಾ ನಾವ್ಯಾರೂ ಹಂದಂಗಿಲ್ಲ" ಎಂದ. ಹಂದಲಿಲ್ಲ, ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಮಲ್ಲು ಬೆಳಗ್ಗೆ ಅಂಗಳದಲ್ಲಿ ಬೈಠಕ್ ಹೊಡೆದು, ಓಣಿಯ ಹಾಲಿನವನನ್ನು ನಮ್ಮ ಮನೆಯಲ್ಲೇ ಖಾಲಿ ಮಾಡಿ ಕಳಿಸುತ್ತಿದ್ದ. ರುಕ್ಮವ್ವ ಹಳೆಯ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ಕಾಕಾ ದಿನಾ ನನ್ನ ಜೊತೆ ಅಂಗಡಿಗೆ ಬಂದು, ಗಿರಾಕಿಗಳಿಗೆ ತೋರಿಸಲು ಹಾಸಿಟ್ಟ ಗಾದಿಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಅದನ್ನು ನೋಡಿ ಇಬ್ಬರು ಅಂಥದೇ ಗಾದಿ ಕೊಂಡರು ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಅತ್ತಿಯ ಫೋನು ಬಂತು. "ಮುಟ್ಟೀನಪಾ" ಎಂದಳು.

"ಎಲ್ಲಿಗಿ?"

"ಕುರನೂರಿಗಿ. ನಮ್ಮೂರ ಹೆಣ್ಮಕ್ಕಳು ಸಂತಿಗಿ ಬಂದಿದ್ರು, ಅವರ ಜೋಡಿ ಎಸ್‌ಟಿ ಬಸ್ಸ ಹತ್ತಿ ಬಂದೆ. ಕಿಡಕಿ ಕಡಿ ಜಾಗಾ ಸಿಕ್ತು."

"ಅತ್ತಿ! ಕುಂತು ಹೋದೀ? ಸೊಂಟ?"

"ಸೊಂಟ ಎಂದೋ ಛಲೋ ಆಗೇತಿ. ನಿನ್ನ ಡಬ್ಬ್ಯಾಗ ಕುಣದು ಕುಣದು ಎಲಬು ತಾನ ಜಾಗಾಕ್ಕ ಬಂತು ನೋಡು. ಆ ಮಂದಿ ಹೇರಕೊಂಡ ಬಂದಿ ಅಲ್ಲ, ಆವಾಗಿಂದ ಕುಣತ ನಿಂತು ಸ್ವಲ್ಪ ಬಿಗದಿತ್ತು. ಎಸ್‌ಟ್ಯಾಗ ಮತ್ತ ಸಡಲ ಆತು."

"ಮೊದಲ ಹೇಳಬೇಕಿಲ್ಲೇನು?"

"ಹೇಳಿದ್ರ ನೀ ರವಿವಾರಕೊಮ್ಮೆ ಬರತಿದ್ದೇನು?"

ಪಕ್ಕದ ಗಾದಿಯ ಮೇಲೆ ಎಚ್ಚರಾಗಿದ್ದ ಸಿದ್ದು ಕಾಕಾ ಆಕಳಿಸಿ, "ಹಂಗಾದ್ರ ನಮ್ಮನ್ನ ಊರಿಗಿ ಯಾರ ಬಿಡತಾರ?" ಎಂದು ಕೇಳಿದ.

ಮರುದಿನ ನಾನೇ ಅವರನ್ನೆಲ್ಲ ಡಬ್ಬಿಯಲ್ಲಿ ಕೂರಿಸಿ ಕುರನೂರಿಗೆ ಬಿಟ್ಟು ಬಂದೆ. ಹೋಗುವಾಗ ಬೆಣ್ಣೆಯ ಹಾಗೆ ಹೋಯಿತು. ಬರುವಾಗ ಡಬ್ಬಿ ಖಾಲಿ. ಪ್ರತಿ ಕುಳಿಗೂ ಅದು ಹಿಂದೆ ಜಿಗಿದು ಮುಂದಿನ ಜೀಪಿನ ಕೊಕ್ಕೆಯನ್ನು ಜಗ್ಗುತ್ತಿತ್ತು, ಜೀಪು ನನ್ನನ್ನು ಜಗ್ಗುತ್ತಿತ್ತು. ಅಕ್ಕಲಕೋಟ ದಾಟುವುದರೊಳಗೆ ನನ್ನ ಸೊಂಟದಲ್ಲಿ ಏನೋ ಚಳಕ್ ಎಂದಿತು. ಸೊಲ್ಲಾಪುರದ ಡಾಕ್ಟರು ಬೆನ್ನು ಒತ್ತಿ ನೋಡಿ, ಏನು ಉದ್ಯೋಗ ಎಂದು ವಿಚಾರಿಸಿ, ಸ್ವಲ್ಪ ಸಂಕೋಚದಿಂದಲೇ ಹೇಳಿದರು: ತಿಂಗಳ ಮಟ್ಟಿಗೆ ಗಾದಿ ಮುಟ್ಟುವಂತಿಲ್ಲ, ಬರೀ ನೆಲದ ಮೇಲೆ ಚಾಪೆ.

ಆ ವಾರವೇ ಅತ್ತಿ ನನ್ನನ್ನು ನೋಡಲು ಬಂದಳು. ಬೆಳಗಿನ ಎಸ್‌ಟಿಗೆ ಒಬ್ಬಳೇ ಬಂದಿದ್ದಳು. ನಾನು ನೆಲದ ಮೇಲೆ ಅಂಗಾತ ಮಲಗಿದ್ದೆ. ಅವಳು ಕುರ್ಚಿಯ ಮೇಲೆ ಕಾಲು ಕೆಳಗೆ ಬಿಟ್ಟು ಕುಳಿತು, ಎರಡು ಸಲ ಚಹಾ ಕುಡಿದು, ಸಂಜೆಯ ಬಸ್ಸಿಗೆ ಹೊರಟುಹೋದಳು.